ಹೆಸರಿಲ್ಲದ ನಾದದ ಒಡತಿ

1963ನೆಯ ಇಸವಿ. ಲಂಡನ್ ನಗರದ ಮೈಡಾ ವೇಲ್ ಎಂಬ ಬಡಾವಣೆಯಲ್ಲಿ ಬಿ.ಬಿ.ಸಿ. ಸಂಸ್ಥೆಯ ಸ್ಟುಡಿಯೊಗಳಿದ್ದ ಒಂದು ಉದ್ದನೆಯ ಕಟ್ಟಡ. ಅದರ ಕಾರಿಡಾರಿನ ನೆಲದ ಮೇಲೆ ಕಂದು ಬಣ್ಣದ ಮೂರು ಟೇಪುಗಳನ್ನು ಒಂದರ ಪಕ್ಕಕ್ಕೆ ಒಂದರಂತೆ ನೀಳವಾಗಿ ಹಾಸಿದ್ದಾರೆ. ಒಬ್ಬ ತರುಣಿ, ಅವಳ ಜೊತೆಗೊಬ್ಬ ತರುಣ, ಇಬ್ಬರೂ ಬಗ್ಗಿ ನೋಡುತ್ತ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಿದ್ದಾರೆ. ಕಂಡವರು ಯಾವುದೋ ಉಂಗುರ ಕಳೆದುಹೋಗಿದೆಯೆಂದು ಭಾವಿಸಬೇಕು. ಆದರೆ ಅವರು ಹುಡುಕುತ್ತಿದ್ದುದು ಉಂಗುರವನ್ನಲ್ಲ, ಒಂದು ಅಪಸ್ವರವನ್ನು!

ಅಪಸ್ವರ ಕಿವಿಗೆ ಕೇಳಬೇಕಾದ ವಸ್ತು, ಕಣ್ಣಿಗೆ ಕಾಣುವುದುಂಟೆ ಎಂದು ವಾಚಕರು ಕೇಳಬಹುದು. ಈ ಸಂಗೀತದಲ್ಲಿ ಕಾಣುತ್ತಿತ್ತು. ಏಕೆಂದರೆ ಇದನ್ನು ಯಾರೂ ಹಾಡಿರಲಿಲ್ಲ, ನುಡಿಸಿರಲಿಲ್ಲ. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಟೇಪಿನ ಮೇಲೆ ಹಿಡಿದು, ಬೇಕಾದ ಉದ್ದಕ್ಕೆ ಬ್ಲೇಡಿನಿಂದ ಕತ್ತರಿಸಿ, ಅಂಟುಪಟ್ಟಿಯಿಂದ ಒಂದಕ್ಕೊಂದು ಅಂಟಿಸಿ ಮಾಡಿದ ಸಂಗೀತ ಇದು. ಮೂರು ಟೇಪುಗಳನ್ನೂ ಒಟ್ಟಿಗೆ ಓಡಿಸಿದಾಗ ಎಲ್ಲಿಯೋ ಒಂದೆಡೆ ಒಂದು ಸ್ವರ ತಪ್ಪಿಬೀಳುತ್ತಿತ್ತು. ಮೂರನ್ನೂ ಹಾಸಿ ನೋಡಿದರೆ, ಯಾವ ಬೆಸುಗೆ ಉಳಿದೆರಡರ ಸಾಲಿಗೆ ಹೊಂದದೆ ಮುಂದೆಯೋ ಹಿಂದೆಯೋ ನಿಂತಿದೆಯೋ ಅಲ್ಲಿಯೇ ಕಳ್ಳನಿದ್ದಾನೆ. ಕೊನೆಗೆ ಕಳ್ಳ ಸಿಕ್ಕಿದ. ಆ ವರ್ಷದ ನವೆಂಬರ್ 23ರ ಶನಿವಾರ ಸಂಜೆ 'ಡಾಕ್ಟರ್ ಹೂ' ಎಂಬ ಟೆಲಿವಿಷನ್ ಧಾರಾವಾಹಿ ಆರಂಭವಾದಾಗ, ಅದರ ಮೊದಲಲ್ಲಿ ಬರುವ ಆ ವಿಚಿತ್ರ ನಾದವನ್ನು ಇಂಗ್ಲೆಂಡಿನ ಜನ ಮೊಟ್ಟಮೊದಲಿಗೆ ಕೇಳಿದರು. ಮಕ್ಕಳು ಬೆಚ್ಚಿಬಿದ್ದು ಸೋಫಾದ ಹಿಂದೆ ಅಡಗುತ್ತಿದ್ದರೆಂದು ಆ ದೇಶದಲ್ಲಿ ಇಂದಿಗೂ ಹೇಳುತ್ತಾರೆ. ಇದು ಯಾವ ವಾದ್ಯದ ದನಿಯೆಂದು ಕೇಳಿದವರಿಗೆ ತಿಳಿಯಲಿಲ್ಲ. ಇದನ್ನು ಮಾಡಿದವರಾರೆಂಬುದೂ ತಿಳಿಯಲಿಲ್ಲ.

ಮಾಡಿದಾಕೆ ಡೆಲಿಯ ಡರ್ಬಿಶೈರ್. ಆಗ ಆಕೆಗೆ 26 ವರ್ಷ. ಆಕೆಯ ಹೆಸರು ಆ ಧಾರಾವಾಹಿಯ ತೆರೆಯ ಮೇಲೆ ಬಂದದ್ದು 2013ರಲ್ಲಿ. ಸರಿಯಾಗಿ ಐವತ್ತು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು.

ಸೈರನ್ನಿನ ಪಾಠ

ಡೆಲಿಯ ಹುಟ್ಟಿದ್ದು 1937ನೆಯ ಮೇ 5ರಂದು, ಕವೆಂಟ್ರಿ ನಗರದಲ್ಲಿ. ತಂದೆ ಲೋಹದ ತಗಡಿನ ಕೆಲಸಗಾರ. ಕೈಗಾರಿಕೆಯ ಊರಾದ ಕವೆಂಟ್ರಿಯ ಮೇಲೆ ಜರ್ಮನ್ ವಿಮಾನಗಳು 1940ರ ನವೆಂಬರ್ 14ರ ರಾತ್ರಿ ನಡೆಸಿದ ದಾಳಿ ಇತಿಹಾಸದಲ್ಲಿ ಕುಖ್ಯಾತವಾಗಿದೆ. ಊರಿನ ನಡುವಣ ಹಳೆಯ ಕೆಥೀಡ್ರಲ್ ಗೋಡೆಗಳಷ್ಟೇ ಉಳಿಯುವಂತೆ ಉರಿದುಹೋಯಿತು. ಆಗ ಡೆಲಿಯ ಮೂರು ವರ್ಷದ ಮಗು.

ಆ ರಾತ್ರಿಗಳಿಂದ ಬೇರೆ ಮಕ್ಕಳಿಗೆ ಭಯ ಉಳಿದಿರಬಹುದು. ಈ ಮಗುವಿಗೆ ಉಳಿದದ್ದು ಒಂದು ಶಬ್ದ. ಅಪಾಯ ಬಂದಿತೆಂದು ಏರಿ ಇಳಿದು ಕೂಗುವ ಸೈರನ್ನು, ಅಪಾಯ ಕಳೆಯಿತೆಂದು ಒಂದೇ ಸ್ಥಾಯಿಯಲ್ಲಿ ನಿಂತು ಕೂಗುವ ಸೈರನ್ನು. ಎಲ್ಲಿಂದ ಬರುತ್ತಿದೆಯೆಂದು ತಿಳಿಯದ, ಯಾವ ಪ್ರಾಣಿಯ ಕೊರಳಿನದೂ ಅಲ್ಲದ, ಯಾವ ವಾದ್ಯದ್ದೂ ಅಲ್ಲದ ಆ ಕೂಗೇ ತಾನು ಕೇಳಿದ ಮೊದಲ ಎಲೆಕ್ಟ್ರಾನಿಕ್ ಸಂಗೀತವೆಂದು ಆಕೆ ಮುಂದೆ ಹೇಳುತ್ತಿದ್ದಳು. ಮಗುವನ್ನು ತಾಯಿಯ ಕಡೆಯ ಊರಾದ ಪ್ರೆಸ್ಟನ್ನಿಗೆ ಕಳುಹಿಸಲಾಯಿತು. ಅಲ್ಲಿ ಬೆಳಗಿನ ಜಾವ ಗಿರಣಿಗೆ ಹೋಗುವ ಕೆಲಸಗಾರರ ಮರದ ಅಟ್ಟೆಯ ಪಾದರಕ್ಷೆಗಳು ಕಲ್ಲುಹಾಸಿನ ಬೀದಿಯಲ್ಲಿ ಟಕಟಕನೆ ಸದ್ದುಮಾಡುತ್ತ ಸಾಗುತ್ತಿದ್ದವು. ಅದನ್ನೂ ಆಕೆ ಮರೆಯಲಿಲ್ಲ.

ಯುದ್ಧ ಮುಗಿದ ಮೇಲೆ ಪಿಯಾನೋ ಕಲಿತಳು. ರೇಡಿಯೊವೇ ತನ್ನ ಗುರುವಾಗಿತ್ತೆಂದು ಆಕೆ ಹೇಳಿಕೊಂಡಿದ್ದಾಳೆ. ಜಾಣ ಹುಡುಗಿ. ಕೇಂಬ್ರಿಜಿನ ಗರ್ಟನ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನದೊಡನೆ ಗಣಿತಕ್ಕೆ ಸ್ಥಾನ ದೊರೆಯಿತು. ಕಾರ್ಮಿಕನೊಬ್ಬನ ಮಗಳಿಗೆ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಸ್ವಲ್ಪ ಕಾಲ ಗಣಿತ ಓದಿ, ಬಳಿಕ ಸಂಗೀತಕ್ಕೆ ಹೊರಳಿ, ಎರಡರಲ್ಲಿಯೂ ಪಳಗಿ, 1959ರಲ್ಲಿ ಪದವಿ ಪಡೆದಳು.

ಮುಂದೇನು? ನಾದ, ಸಂಗೀತ, ಶಬ್ದಶಾಸ್ತ್ರ ಇವು ಮೂರೂ ಸೇರುವ ಉದ್ಯೋಗ ಬೇಕೆಂದು ವಿಶ್ವವಿದ್ಯಾಲಯದ ಉದ್ಯೋಗ ಸಲಹಾ ಕಚೇರಿಯಲ್ಲಿ ಕೇಳಿದಳು. ಕಿವುಡರ ಶ್ರವಣಯಂತ್ರ ತಯಾರಿಸುವಲ್ಲಿ ಸೇರು, ಇಲ್ಲವೇ ಸಮುದ್ರದ ಆಳವನ್ನು ಶಬ್ದದಿಂದ ಅಳೆಯುವ ಕೆಲಸಕ್ಕೆ ಹೋಗು ಎಂದು ಅಲ್ಲಿಯವರು ಸೂಚಿಸಿದರಂತೆ. ಗ್ರಾಮಾಫೋನ್ ತಟ್ಟೆಗಳ ಹೆಸರಾಂತ ಕಂಪೆನಿಯಾದ ಡೆಕ್ಕಾಗೆ ಅರ್ಜಿ ಹಾಕಿದಳು. ತಮ್ಮ ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲವೆಂಬ ಉತ್ತರ ಬಂದಿತು. ಜಿನೀವಾದಲ್ಲಿ ರಾಯಭಾರಿಗಳ ಮಕ್ಕಳಿಗೆ ಪಾಠ ಹೇಳಿ, ಅಲ್ಲಿಯ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯಲ್ಲಿ ಕೆಲವು ತಿಂಗಳು ದುಡಿದು, ಊರಿಗೆ ಮರಳಿ ಶಾಲೆಯಲ್ಲಿ ಪಾಠ ಮಾಡಿ, ಅಂತೂ 1960ರ ಕೊನೆಯಲ್ಲಿ ಬಿ.ಬಿ.ಸಿ.ಯಲ್ಲಿ ಸ್ಟುಡಿಯೊ ಸಹಾಯಕಳಾಗಿ ತರಬೇತಿಗೆ ಸೇರಿದಳು.

ಅಲ್ಲಿ ಆಕೆಯ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು, ಹೊಸ ಗ್ರಾಮಾಫೋನ್ ತಟ್ಟೆಗಳ ವಿಮರ್ಶೆಯ ಕಾರ್ಯಕ್ರಮಕ್ಕೆ ನೆರವಾಗುವುದು. ವಿಮರ್ಶಕರು ಬಂದು, "ಎಲ್ಲಿದೆಯೋ ಕಾಣೆ, ಟ್ರಾಂಬೋನುಗಳು ಬರುತ್ತವಲ್ಲ, ಅಲ್ಲಿ ಹಾಕಿ" ಎನ್ನುವರು. ಡೆಲಿಯ ತಟ್ಟೆಯನ್ನು ಬೆಳಕಿಗೆ ಹಿಡಿದು, ಗೀರುಗಳನ್ನು ನೋಡಿ, ಮುಳ್ಳನ್ನು ಸರಿಯಾಗಿ ಟ್ರಾಂಬೋನಿನ ಮೇಲೆಯೇ ಇಡುವಳು! ಈಕೆಗೆ ದಿವ್ಯದೃಷ್ಟಿಯಿದೆಯೆಂದು ಕೆಲವರು ಭಾವಿಸಿದ್ದರಂತೆ. ದಿವ್ಯದೃಷ್ಟಿಯೇನಲ್ಲ, ಸದ್ದು ಜೋರಾದಲ್ಲಿ ಗೀರಿನ ಆಕಾರ ಬದಲಾಗುತ್ತದೆ, ಬೆಳಕು ಬೇರೆ ಬಗೆಯಾಗಿ ಹೊಳೆಯುತ್ತದೆ. ಆದರೆ ಅದನ್ನು ನೋಡಿ ಓದಬಲ್ಲ ಕಣ್ಣು ಬೇಕು.

ಬೇಡವೆಂದರೂ ಬಿಡದ ಕೆಲಸ

ಬಿ.ಬಿ.ಸಿ.ಯಲ್ಲಿ 'ರೇಡಿಯೊಫೋನಿಕ್ ವರ್ಕ್‌ಷಾಪ್' ಎಂಬ ಒಂದು ಚಿಕ್ಕ ವಿಭಾಗವಿತ್ತು. 1958ರಲ್ಲಿ ಡ್ಯಾಫ್ನೆ ಓರಮ್, ಡೆಸ್ಮಂಡ್ ಬ್ರಿಸ್ಕೊ ಎಂಬಿಬ್ಬರ ಪ್ರಯತ್ನದಿಂದ ಹುಟ್ಟಿದ್ದು. ಓರಮ್ ವರ್ಷ ತುಂಬುವ ವೇಳೆಗೆ ಅದನ್ನು ಬಿಟ್ಟು, ತನ್ನದೇ ಯಂತ್ರವೊಂದನ್ನು ಕಟ್ಟಲು ಹೊರಟುಹೋದಳು. ಅದೊಂದು ಬೇರೆಯ ಕಥೆ, ಇನ್ನೊಂದು ಲೇಖನಕ್ಕಾಗುವಷ್ಟಿದೆ. ನಾಟಕಗಳಿಗೆ, ಶಾಲಾ ಪಾಠಗಳಿಗೆ, ಸಾಕ್ಷ್ಯಚಿತ್ರಗಳಿಗೆ ಬೇಕಾದ ಅಪೂರ್ವ ಶಬ್ದಗಳನ್ನು ಒದಗಿಸುವುದು ಈ ವಿಭಾಗದ ಕೆಲಸ. ಇಲ್ಲಿ ಹೆಚ್ಚು ಕಾಲ ಕುಳಿತರೆ ತಲೆ ಕೆಟ್ಟೀತೆಂಬ ಶಂಕೆಯಿಂದ, ನೌಕರರನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ನಿಯಮ ಮೊದಮೊದಲು ಇತ್ತಂತೆ. ಅಂಥ ಜಾಗಕ್ಕೆ ತಾನಾಗಿಯೇ ಕೇಳಿಕೊಂಡು ಬಂದವಳು ಡೆಲಿಯ. 1962ರಲ್ಲಿ ಬಂದವಳು ಹನ್ನೊಂದು ವರ್ಷ ಕದಲಲಿಲ್ಲ. ಸುಮಾರು 200 ರೇಡಿಯೊ ಮತ್ತು ಟೆಲಿವಿಷನ್ ಕಾರ್ಯಕ್ರಮಗಳಿಗೆ ಆಕೆಯ ಕೈ ತಗುಲಿದೆ.

ಆ ಕೋಣೆಯಲ್ಲಿ ಏನಿತ್ತೆಂಬುದನ್ನು ಸ್ವಲ್ಪ ನೋಡಬೇಕು. ಇಂದಿನ ಮಕ್ಕಳ ಆಟಿಕೆಯ ಕೀಬೋರ್ಡಿನಲ್ಲಿ ಇರುವಷ್ಟೂ ಅಲ್ಲಿರಲಿಲ್ಲ. ಅಮೆರಿಕದ ರಾಬರ್ಟ್ ಮೋಗ್ ತನ್ನ ಸಿಂಥಸೈಜರನ್ನು ಲೋಕಕ್ಕೆ ತೋರಿಸಿದ್ದೇ 1964ರಲ್ಲಿ. ಇಲ್ಲಿದ್ದುದು ಆಸಿಲೇಟರುಗಳು. ಅವು ವಿದ್ಯುತ್ ಸಾಧನಗಳ ತಪಾಸಣೆಗೆಂದು ತಯಾರಾದ ಪೆಟ್ಟಿಗೆಗಳು. ಗುಂಡಿ ತಿರುಗಿಸಿದರೆ 'ಊಂ' ಎಂಬ ಒಂದೇ ಶುದ್ಧ ಸ್ವರವನ್ನು ಕೊಡುವಂಥವು, ಸಂಗೀತಕ್ಕೂ ಅವಕ್ಕೂ ಸಂಬಂಧವಿಲ್ಲ. ಮಳೆ ಸುರಿದಂತೆ 'ಶ್' ಎನ್ನುವ ಶಬ್ದವನ್ನು ಹೊರಡಿಸುವ ಇನ್ನೊಂದು ಸಾಧನ, ಶಬ್ದವನ್ನು ಸೋಸುವ ಶೋಧಕಗಳು, ಹಲವು ಟೇಪ್ ರೆಕಾರ್ಡರುಗಳು, ಒಂದು ಬ್ಲೇಡು. ಮಿಕ್ಕದ್ದೆಲ್ಲ ತಲೆ ಮತ್ತು ಕೈ.

'ಡಾಕ್ಟರ್ ಹೂ' ಧಾರಾವಾಹಿಗೆ ಸ್ವರ ಹಾಕಲು ಒಪ್ಪಿಕೊಂಡವನು ರಾನ್ ಗ್ರೇನರ್ ಎಂಬ ಹೆಸರಾಂತ ಸಂಯೋಜಕ. ಆತ ಒಂದೇ ಒಂದು ಹಾಳೆಯಲ್ಲಿ ಸ್ವರಪ್ರಸ್ತಾರವನ್ನು ಬರೆದುಕೊಟ್ಟ. ಇಲ್ಲಿ ಗಾಳಿಯ ಮೋಡ, ಇಲ್ಲಿ ಗಾಳಿಯ ಗುಳ್ಳೆ, ಇಲ್ಲಿ ಬೀಸು ಎಂಬಂಥ ಕೆಲವು ಸೂಚನೆಗಳೂ ಇದ್ದವು. ಗಾಳಿಯ ಗುಳ್ಳೆಗೆ ಸ್ವರಲಿಪಿಯೆಲ್ಲಿ? ಅದನ್ನು ಡೆಲಿಯಳೇ ಕಂಡುಹಿಡಿಯಬೇಕಾಯಿತು.

ತಂತಿಯೊಂದನ್ನು ಬಿಗಿದು ಒಮ್ಮೆ ಮೀಟಿದರು. ಆ ಒಂದು ಮೀಟೇ ಮಂದ್ರದಲ್ಲಿ ನಾಗಾಲೋಟದಲ್ಲಿ ಓಡುವ ತಾಳದ ಬೀಜ. ಅದನ್ನು ಬೇರೆಬೇರೆ ವೇಗದಲ್ಲಿ ಓಡಿಸಿ ಬೇರೆಬೇರೆ ಸ್ವರಗಳನ್ನು ಪಡೆದರು. ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿದರೆ ಷಡ್ಜ ಮೇಲಿನ ಷಡ್ಜವಾಗುತ್ತದೆ. ಅರ್ಧ ವೇಗದಲ್ಲಿ ಓಡಿಸಿದರೆ ಕೆಳಗಿನದಾಗುತ್ತದೆ. ಒಂದು ಷಡ್ಜಕ್ಕೂ ಅದರ ಮೇಲಿನ ಷಡ್ಜಕ್ಕೂ ನಡುವಣ ಹನ್ನೆರಡು ಮೆಟ್ಟಿಲುಗಳಲ್ಲಿ ಒಂದೊಂದನ್ನೂ ಏರಲು ವೇಗವನ್ನು ಸುಮಾರು 1.06 ಪಟ್ಟು ಹೆಚ್ಚಿಸಬೇಕು. ಇಲ್ಲಿಯೇ ಗಣಿತ ಬಂದು ಸಂಗೀತದ ಕೈಹಿಡಿಯುವುದು. ಹಿಂದೆ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಒಯ್ಯುತ್ತಿದ್ದರಲ್ಲ, ಆ ಲಾಗರಿತಮ್ ಕೋಷ್ಟಕದ ಪುಸ್ತಕ, ಅದೇ ಡೆಲಿಯಳ ಕೈಪಿಡಿ. ಇನ್ನು ಕಾಲದ ಲೆಕ್ಕ. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರಕ್ಕೆ ಏಳೂವರೆ ಅಂಗುಲ. ಕಾಲು ಸೆಕೆಂಡಿಗೆ ಮೂರೂ ಮುಕ್ಕಾಲು. ಹೀಗೆ ಅಳೆದು, ಕತ್ತರಿಸಿ, ಅಂಟಿಸಿ ತಾಳವನ್ನು ಕೂಡಿಸುವುದು. ಮೇಲಿನ ರಾಗಭಾಗವನ್ನು ಆಸಿಲೇಟರಿನ ಗುಂಡಿಯನ್ನು ಕೈಯಿಂದ ತಿರುಗಿಸಿ ಜಾರಿಸಿದ್ದು. ನಮ್ಮ ವೀಣೆಯಲ್ಲಿ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಕೇಳಿ ಬಲ್ಲ ನಮಗೆ ಈ ಜಾರು ಅಷ್ಟೇನೂ ಪರಕೀಯವೆನಿಸದು.

ಭಾಗಗಳೆಲ್ಲ ಬೇರೆಬೇರೆ ಟೇಪಿನಲ್ಲಿ ಸಿದ್ಧವಾದವು. ಅವನ್ನು ಒಂದುಗೂಡಿಸುವ ಯಂತ್ರ ಅಲ್ಲಿರಲಿಲ್ಲ. ಹಲವು ರೆಕಾರ್ಡರುಗಳ ಮುಂದೆ ನಿಂತು, ಒಂದೇ ಕ್ಷಣದಲ್ಲಿ ಎಲ್ಲದರ ಗುಂಡಿಯನ್ನೂ ಒತ್ತಿ, ಅವೆಲ್ಲ ಜೊತೆಜೊತೆಯಾಗಿ ಓಡಲೆಂದು ಹಾರೈಸುವುದೇ ಇದ್ದ ದಾರಿ. ಸಹಾಯಕ ಡಿಕ್ ಮಿಲ್ಸ್ ಜೊತೆಗೂಡಿ ಕಾರಿಡಾರಿನಲ್ಲಿ ಅಪಸ್ವರವನ್ನು ಹುಡುಕಿದ್ದು ಈ ಘಟ್ಟದಲ್ಲಿಯೇ.

"ಬಹುಪಾಲು ನೀವೇ"

ಗ್ರೇನರ್ ಬಂದು ಕೇಳಿದ. ಬೆರಗಾದ. "ಇದನ್ನು ಬರೆದವನು ನಾನೇ ಏನು?" ಎಂದ.

"ಬಹುಪಾಲು ನೀವೇ" ಎಂದಳು ಡೆಲಿಯ.

ಆ ಸಜ್ಜನ ತನಗೆ ಬರುವ ಗೌರವಧನದಲ್ಲಿ ಆಕೆಗೂ ಪಾಲು ಸಲ್ಲಬೇಕು, ಸಂಯೋಜಕರ ಹೆಸರಿನಲ್ಲಿ ಆಕೆಯ ಹೆಸರೂ ಸೇರಬೇಕು ಎಂದು ಪ್ರಯತ್ನಪಟ್ಟ. ಸಂಸ್ಥೆಯ ನಿಯಮ ಅದಕ್ಕೆ ಅಡ್ಡಬಂದಿತು. ವರ್ಕ್‌ಷಾಪಿನವರು ಸಂಬಳದ ನೌಕರರು. ಅವರ ಹೆಸರನ್ನು ಹಾಕುವ ಪದ್ಧತಿಯಿಲ್ಲ. ಹಾಕಬೇಕಾದರೆ ವಿಭಾಗದ ಹೆಸರನ್ನು ಹಾಕಬಹುದು. ರಾನ್ ಗ್ರೇನರ್ ಮತ್ತು ಬಿ.ಬಿ.ಸಿ. ರೇಡಿಯೊಫೋನಿಕ್ ವರ್ಕ್‌ಷಾಪ್ ಎಂದು ತೆರೆಯ ಮೇಲೆ ಬಂದಿತು. ಅಲ್ಲಿಗೆ ಮುಗಿಯಿತು.

ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸ್ವರಗಳನ್ನು ಹಾಳೆಯ ಮೇಲೆ ಬರೆದವನು ಸಂಯೋಜಕನೋ, ಆ ಸ್ವರಗಳಿಗೆ ಹಿಂದೆಂದೂ ಇಲ್ಲದ ದನಿಯನ್ನು ಹುಟ್ಟಿಸಿದವಳೋ? ಕೃತಿಯನ್ನು ರಚಿಸಿದ ವಾಗ್ಗೇಯಕಾರನ ಹೆಸರನ್ನೂ, ಅದನ್ನು ಹಾಡಿದ ವಿದ್ವಾಂಸರ ಹೆಸರನ್ನೂ, ಪಕ್ಕವಾದ್ಯದವರ ಹೆಸರನ್ನೂ ತಪ್ಪದೆ ಹೇಳುವುದು ನಮ್ಮ ಆಕಾಶವಾಣಿಯ ಕಛೇರಿಗಳಲ್ಲಿ ವಾಡಿಕೆ. ಅಲ್ಲಿ ತೊಡಕಾದದ್ದು ಡೆಲಿಯ ಇವರಲ್ಲಿ ಯಾರ ಸಾಲಿಗೂ ಸೇರದೆ ಹೋದದ್ದು. ಆಕೆ ಹಾಡಲಿಲ್ಲ, ನುಡಿಸಲಿಲ್ಲ, ರಾಗ ಕಟ್ಟಲಿಲ್ಲ; ವಾದ್ಯವನ್ನೇ ಕಟ್ಟಿದಳು, ಅದೂ ಒಂದೇ ಸಲ ನುಡಿದು ಚದರಿಹೋಗುವ ವಾದ್ಯವನ್ನು. ಅಂಥ ಕೆಲಸಕ್ಕೆ ಆಗ ಹೆಸರೇ ಇರಲಿಲ್ಲ. ಹೆಸರಿಲ್ಲದ ಕೆಲಸ ಮಾಡಿದವರ ಹೆಸರನ್ನು ಯಾರು ಬರೆದಾರು?

ಹಸಿರು ಶೇಡು, ಒಂಟೆಯ ಸಾಲು

'ಡಾಕ್ಟರ್ ಹೂ' ಒಂದರಿಂದಲೇ ಡೆಲಿಯಳನ್ನು ಅಳೆಯುವುದು ಆಕೆಗೆ ಮಾಡುವ ಇನ್ನೊಂದು ಅನ್ಯಾಯ. ಆಕೆಯ ಮನಸ್ಸು ಇದ್ದುದು ಇನ್ನೂ ಮೃದುವಾದ, ಇನ್ನೂ ನಿಧಾನವಾದ ಕೃತಿಗಳಲ್ಲಿ ಎಂದು ಈ ಲೇಖಕನ ನಂಬಿಕೆ.

ವರ್ಕ್‌ಷಾಪಿನಲ್ಲಿ ಹಸಿರು ಬಣ್ಣದ, ಹಳೆಯದಾದ ಒಂದು ಲೋಹದ ಲ್ಯಾಂಪ್‌ಶೇಡ್ ಇತ್ತು. ಬಡಿದರೆ ಘಂಟೆಯಂತೆ ಮೊಳಗುತ್ತಿತ್ತು. ಸಹಾರಾ ಮರುಭೂಮಿಯ ತುವಾರೆಗ್ ಜನರನ್ನು ಕುರಿತ ಸಾಕ್ಷ್ಯಚಿತ್ರವೊಂದಕ್ಕೆ 1967ರಲ್ಲಿ ಸಂಗೀತ ಬೇಕಾಯಿತು. ಡೆಲಿಯ ಈ ಶೇಡನ್ನು ಬಡಿದು ಆ ನಾದವನ್ನು ಟೇಪಿನಲ್ಲಿ ಹಿಡಿದಳು. ಮೊದಲ 'ಠಣ್' ಎಂಬ ಪೆಟ್ಟನ್ನು ತೆಗೆದುಹಾಕಿ, ಅನಂತರದ ಅನುರಣನವನ್ನು ಮಾತ್ರ ಉಳಿಸಿಕೊಂಡಳು. ತಂಬೂರಿಯ ಮಂದ್ರದ ತಂತಿಯನ್ನು ಮೀಟಿದಾಗ, ಯಾರೂ ಮೀಟದ ಗಾಂಧಾರವೂ ಅದರೊಳಗಿಂದ ತಾನಾಗಿ ಕೇಳಿಬರುತ್ತದೆಂಬುದನ್ನು ಸಂಗೀತ ಬಲ್ಲ ವಾಚಕರು ಬಲ್ಲರು. ಒಂದು ನಾದದ ಹೊಟ್ಟೆಯಲ್ಲಿ ಹಲವು ನಾದಗಳು. ಡೆಲಿಯ ಶೇಡಿನ ಹೊಟ್ಟೆಯೊಳಗಿನ ಅಂಥ ನಾದಗಳನ್ನು ಒಂದೊಂದಾಗಿ ಬಿಡಿಸಿ ಅಳೆದಳು. ಅವುಗಳಲ್ಲಿ ಬಲವಾದ ಹನ್ನೆರಡನ್ನು ಆರಿಸಿ, ಹನ್ನೆರಡು ಆಸಿಲೇಟರುಗಳಿಂದ ಅವನ್ನು ಮತ್ತೆ ಹುಟ್ಟಿಸಿ ಹೆಣೆದಳು. ಒಂಟೆಗಳ ಗೊರಸಿನ ಸದ್ದಿಗೆ ತನ್ನದೇ ಕೊರಳಿನ ದನಿಯನ್ನು ಕತ್ತರಿಸಿ ಬಳಸಿದಳು. 'ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್' ಎಂಬ ಆ ಕೃತಿಯನ್ನು ಕೇಳಿದರೆ ಬಿಸಿಲಿನಲ್ಲಿ ನಡುಗುವ ದಿಗಂತ ಕಣ್ಣಿಗೆ ಕಟ್ಟುತ್ತದೆ. ಗೊರಸಿನಲ್ಲಿ ತನ್ನ ದನಿಯನ್ನೂ, ಬೆನ್ನ ಮೇಲೆ ಹಸಿರು ಶೇಡನ್ನೂ ಹೊತ್ತು ಒಂಟೆಗಳು ಸಂಜೆಗೆಂಪಿನೊಳಕ್ಕೆ ನಡೆದುಹೋದವು ಎಂದು ಆಕೆ ನಗುತ್ತ ನೆನೆಯುತ್ತಿದ್ದಳು.

ಇನ್ನೊಂದು, 1964ರ 'ದ ಡ್ರೀಮ್ಸ್'. ನಾಟಕಕಾರ ಬ್ಯಾರಿ ಬರ್ಮಾಂಜ್ ಸಾಮಾನ್ಯ ಜನರಿಂದ ಅವರವರ ಕನಸುಗಳನ್ನು ಹೇಳಿಸಿ ಮುದ್ರಿಸಿಕೊಂಡಿದ್ದ. ಓಡುವ ಕನಸು, ಬೀಳುವ ಕನಸು, ನೀರಿನಲ್ಲಿ ಮುಳುಗುವ ಕನಸು. ಆ ಮಾತುಗಳನ್ನು ತುಂಡರಿಸಿ, ಮರುಕಳಿಸಿ, ಕೆಳಗೆ ಮಂದ್ರವಾಗಿ ಹರಿಯುವ ಎಲೆಕ್ಟ್ರಾನಿಕ್ ನಾದವೊಂದನ್ನು ಡೆಲಿಯ ಹಾಸಿದಳು. ರಾತ್ರಿ ಒಬ್ಬರೇ ಕುಳಿತು ಕೇಳುವವರು ಎಚ್ಚರದಿಂದಿರಬೇಕು!

1965ರಲ್ಲಿ 'ಟುಮಾರೋಸ್ ವರ್ಲ್ಡ್' ಎಂಬ ವಿಜ್ಞಾನ ಕಾರ್ಯಕ್ರಮಕ್ಕಾಗಿ ತೆಗೆದ ಒಂದು ತುಣುಕುಚಿತ್ರ ಉಳಿದಿದೆ. ಅಚ್ಚುಕಟ್ಟಾದ ಉಡುಪಿನ ಡೆಲಿಯ ಸಾಲಾಗಿ ನಿಂತ ರೆಕಾರ್ಡರುಗಳ ಮುಂದೆ, ಕಾಲಿನಿಂದ ತಾಳ ಹಾಕುತ್ತ, ಒಂದಾದಮೇಲೊಂದನ್ನು ಸರಿಯಾದ ಕ್ಷಣದಲ್ಲಿ ಚಾಲೂ ಮಾಡುತ್ತಾಳೆ. ಮುಖದಲ್ಲಿ ಅಡುಗೆಯ ಹದ ನೋಡುವವರ ಶಾಂತಿ.

ಶ್ರುತಿ ತಪ್ಪಿದ ಕಾಲ

ಬಿ.ಬಿ.ಸಿ.ಯ ಹೊರಗೂ ಆಕೆ ಕೈಯಾಡಿಸಿದಳು. ಸಹೋದ್ಯೋಗಿ ಬ್ರಯನ್ ಹಾಡ್ಜ್‌ಸನ್, ಕಂಪ್ಯೂಟರಿನಿಂದ ಸಂಗೀತ ನುಡಿಸಲು ಹೊರಟಿದ್ದ ಪೀಟರ್ ಜಿನೊವೀಫ್ ಇವರೊಡನೆ 1966ರಲ್ಲಿ ಒಂದು ಚಿಕ್ಕ ಸಂಘವನ್ನು ಕಟ್ಟಿದಳು. ಹಾಡ್ಜ್‌ಸನ್ ಮತ್ತು ಡೇವಿಡ್ ವೊರ್‌ಹಾಸ್ ಎಂಬಾತನೊಡನೆ ಸೇರಿ 1969ರಲ್ಲಿ 'ಆನ್ ಎಲೆಕ್ಟ್ರಿಕ್ ಸ್ಟಾರ್ಮ್' ಎಂಬ ಧ್ವನಿತಟ್ಟೆಯನ್ನು ತಂದಳು. ಆಗ ಕೊಳ್ಳುವವರು ಕಡಿಮೆ. ಮುಂದಿನ ತಲೆಮಾರಿನವರು ಅದನ್ನು ಹುಡುಕಿ ಹುಡುಕಿ ಕೇಳಿದರು.

ಅಷ್ಟರಲ್ಲಿ ಯಂತ್ರಗಳೇ ಬದಲಾದವು. 1969ರಲ್ಲಿ ಜಿನೊವೀಫ್‌ನ ಕಂಪೆನಿಯೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಿಂಥಸೈಜರನ್ನು ಮಾರುಕಟ್ಟೆಗೆ ತಂದಿತು. ಕೆಲವೇ ದಿನಗಳಲ್ಲಿ ಅದೇ ಕಂಪೆನಿಯ ಬೀರುವಿನಷ್ಟು ದೊಡ್ಡ ಯಂತ್ರವೊಂದು ವರ್ಕ್‌ಷಾಪಿಗೂ ಬಂದಿತು. ವಾರಗಟ್ಟಲೆ ಕತ್ತರಿಸಿ ಅಂಟಿಸಿ ಮಾಡುತ್ತಿದ್ದುದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಕೆಲಸದ ಬೇಡಿಕೆಯೂ ಹಾಗೆಯೇ ಏರಿತು. 1972ರಲ್ಲಿ 'ಡಾಕ್ಟರ್ ಹೂ' ನಾದವನ್ನು ಆ ದೊಡ್ಡ ಯಂತ್ರದಲ್ಲಿ ಹೊಸದಾಗಿ ಮಾಡಿನೋಡಿದರು. ಯಾರಿಗೂ ಹಿಡಿಸಲಿಲ್ಲ. ಹಳೆಯ, ಅಂಟುಪಟ್ಟಿಯ ನಾದವನ್ನೇ ಮುಂದುವರಿಸಿದರು.

ಹೊಸ ಯಂತ್ರದ ದನಿ ಡೆಲಿಯಳ ಕಿವಿಗೆ ಒಗ್ಗಲಿಲ್ಲ. ತಾನೇ ಮುಂದಾಗಿ ದಾರಿ ತೆಗೆದ ವಿದ್ಯೆ ಎಲ್ಲರ ಕೈಗೆ ಸುಲಭವಾಗಿ ಬರುವ ಹೊತ್ತಿಗೆ ಆಕೆ ಅದರಿಂದ ದೂರ ಸರಿದಳೆಂಬುದು ವಿಚಿತ್ರವೆನಿಸಬಹುದು. ಆದರೆ ಕೈಮಗ್ಗದಲ್ಲಿ ನೇಯ್ದವರಿಗೆ ಇದು ಅರ್ಥವಾದೀತು. ಆ ವರ್ಷಗಳಲ್ಲಿ ಲೋಕವೇ ತನ್ನೊಡನೆ ತಾನು ಶ್ರುತಿ ತಪ್ಪಿತು, ಬಿ.ಬಿ.ಸಿ.ಯೂ ಶ್ರುತಿ ತಪ್ಪಿತು ಎಂದು ಆಕೆ ಮುಂದೆ ಹೇಳಿದಳು. 1973ರಲ್ಲಿ ಕೆಲಸ ಬಿಟ್ಟಳು. ಅನಿಲದ ಕೊಳವೆ ಹೂಳುವ ಕೆಲಸಗಾರರ ತಂಡದಲ್ಲಿ ರೇಡಿಯೊ ಆಪರೇಟರಳಾದಳು; ಉತ್ತರದ ಕಂಬ್ರಿಯದ ಒಂದು ಚಿತ್ರಶಾಲೆಯಲ್ಲಿ ಸಹಾಯಕಳಾದಳು; ಪುಸ್ತಕದಂಗಡಿಯಲ್ಲಿಯೂ ದುಡಿದಳು. ವಾರಕ್ಕೊಮ್ಮೆ ಲಕ್ಷಾಂತರ ಮನೆಗಳಲ್ಲಿ ಆಕೆಯ ನಾದ ಮೊಳಗುತ್ತಲೇ ಇತ್ತು.

ಸುಮಾರು ಕಾಲು ಶತಮಾನದ ಮೇಲೆ, 1990ರ ದಶಕದ ಕೊನೆಯಲ್ಲಿ, ಪೀಟರ್ ಕೆಂಬರ್ ಎಂಬ ಕಿರಿಯ ಸಂಗೀತಗಾರ ಆಕೆಯನ್ನು ಹುಡುಕಿಕೊಂಡು ಬಂದ. ಅವನೊಡನೆ ಮಾತನಾಡುತ್ತ, ಕೆಲಸ ಮಾಡುತ್ತ ಆಕೆಯ ಹಳೆಯ ಉತ್ಸಾಹ ಮರಳಿತು. ಇನ್ನು ಯಾರದೋ ಕಾರ್ಯಕ್ರಮಕ್ಕೆಂದು ಅಳತೆಗೆ ಹೊಲಿದುಕೊಡುವ ಸಂಗೀತವಲ್ಲ, ಬಿಟ್ಟಲ್ಲಿಂದ ಸ್ವತಂತ್ರವಾಗಿ ಮುಂದುವರಿಯಬಹುದೆಂದು ಆಕೆ ಹಿಗ್ಗಿದಳು. ಆದರೆ ಆರೋಗ್ಯ ಕೆಟ್ಟಿತ್ತು. 2001ನೆಯ ಜುಲೈ 3ರಂದು, ತನ್ನ 64ನೆಯ ವಯಸ್ಸಿನಲ್ಲಿ, ಮೂತ್ರಪಿಂಡಗಳ ವೈಫಲ್ಯದಿಂದ ತೀರಿಕೊಂಡಳು.

ಮನೆಯ ಅಟ್ಟದ ಮೇಲೆ 267 ಟೇಪುಗಳು ಸಿಕ್ಕಿದವು. ಬೆಳಗಿನ ಉಪಾಹಾರದ ಧಾನ್ಯದ ಹಳೆಯ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದ ಟೇಪುಗಳು. ಎಷ್ಟೋ ಸುರುಳಿಗಳ ಮೇಲೆ ಇದು ಇಂಥದೆಂದು ಬರೆದೂ ಇರಲಿಲ್ಲ. 2007ರಲ್ಲಿ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಶಕ್ಕೆ ಬಂದವು. ಅಲ್ಲಿ ಒಂದೊಂದನ್ನೇ ಕೇಳಿ, ಕಂಪ್ಯೂಟರಿಗೆ ಇಳಿಸಿ, ಪಟ್ಟಿ ಮಾಡಿದರು. 2017ರಲ್ಲಿ ಕವೆಂಟ್ರಿಯ ವಿಶ್ವವಿದ್ಯಾಲಯ ಮರಣೋತ್ತರವಾಗಿ ಗೌರವ ಡಾಕ್ಟರೇಟನ್ನು ಕೊಟ್ಟಿತು.

ಆ ಟೇಪುಗಳಲ್ಲಿ 1960ರ ದಶಕದ ಕೊನೆಯ ಒಂದು ತುಣುಕಿದೆ. ಒಂದು ನಿಮಿಷವೂ ಇಲ್ಲ. ಕಡಿದು ಕಡಿದು ಬಡಿಯುವ ಗುಂಡಿಗೆಯಂಥ ತಾಳ, ಅದರ ಮೇಲೆ ಮಿನುಗುವ ನಾದ. 2008ರಲ್ಲಿ ಅದನ್ನು ಕೇಳಿದ ಇಂದಿನ ಎಲೆಕ್ಟ್ರಾನಿಕ್ ಸಂಗೀತಗಾರನೊಬ್ಬ, ಇದು ಮುಂದಿನ ವಾರ ಬಿಡುಗಡೆಯಾಗುವ ಹೊಸ ಧ್ವನಿಮುದ್ರಿಕೆಯಂತಿದೆ ಎಂದು ಬೆರಗುಪಟ್ಟ. ತಾಳ ಆರಂಭವಾಗುವ ಮುನ್ನ ಟೇಪಿನ ಮೇಲೆ ಡೆಲಿಯಳ ದನಿ ಕೇಳಿಸುತ್ತದೆ. ಸಹಜವಾಗಿ, ತುಸು ಅವಸರದಲ್ಲಿ ಆಕೆ ಹೇಳುತ್ತಾಳೆ:

"ಇದನ್ನು ಮರೆತುಬಿಡಿ. ಇದು ಸುಮ್ಮನೆ ಕುತೂಹಲಕ್ಕಷ್ಟೆ."